ಒಳಗಿನಿಂದ ಬಿದ್ದ ಪೆಟ್ಟು

ಇದು ನಡೆದ ಕತೆ. ಸುಳ್ಳು ಕತೆಗಳೆಲ್ಲ ಹೀಗೆಯೇ ಆಣೆ ಹಾಕಿಕೊಂಡು ಬರುತ್ತವೆ ಎನ್ನುತ್ತೀರಿ. ಸರಿ, ಆಣೆ ಬೇಡ. ಒಂದು ಎಡಗೆನ್ನೆಯ ಸಾಕ್ಷಿಯಿದೆ, ಅಷ್ಟು ಸಾಕು.

"ಈ ಚಿತ್ರ ಒರೆಸಿದ ಹತ್ತಿನ ಇಟ್ಕೋಬೇಡ ತಮ್ಮಾ. ಆವತ್ತಿಂದು ಆವತ್ತೇ ಒಲೆಗೆ ಹಾಕು. ಮೈಗಂತೂ ತಾಗಿಸ್ಕೋಬೇಡ."

ಹೀಗೆಂದವಳು ಚೌಕಟ್ಟಕ್ಕ. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಆ ಕಟ್ಟಡದಲ್ಲಿ ಚೌಕಟ್ಟುಗಳ ಹೊಣೆ ಅವಳದು. ಹೇಳಿಸಿಕೊಂಡವನು ಹೊಸಬ. ಬಿರುಕುಗಳನ್ನು ಓದುವುದು ಅವನ ಕಸುಬು, ಮಿಮಿಕ್ರಿ ಅವನ ಚಟ. ಸೇರಿ ಕುರ್ಚಿ ಬಿಸಿಯಾಗುವ ಮೊದಲೇ ಯಜಮಾನರ ಕೆಮ್ಮು, ಕಾವಲುಗಾರನ ಆಕಳಿಕೆ, ಕೀಲು ತುಕ್ಕು ಹಿಡಿದ ಹಿಂಬಾಗಿಲಿನ ನರಳಾಟ ಎಲ್ಲವನ್ನೂ ಗಂಟಲಿಗಿಳಿಸಿಕೊಂಡಿದ್ದ. ಈಗ ಅಕ್ಕನ ಮಾತನ್ನು, ಜಾರುವ ಕನ್ನಡಕವನ್ನು ಬೆರಳಿನಿಂದ ಮೇಲೇರಿಸುವ ಅವಳ ಅಭ್ಯಾಸದ ಸಮೇತ, ಅವಳಿಗೇ ಹಿಂತಿರುಗಿಸಿದ. ಎಲ್ಲರೂ ನಕ್ಕರು. ಅಕ್ಕನೂ ನಗಲು ಬಾಯಿ ತೆರೆದವಳು ಚಿತ್ರದ ಕಡೆ ನೋಡಿ ಮುಚ್ಚಿಕೊಂಡಳು.

ಈ ಚಟಕ್ಕೆ ಅವನ ಮನೆಯಲ್ಲಿ ಬೇರೆಯೇ ಕೆಲಸವಿತ್ತು. ಹೆಂಡತಿ ತೀರಿಕೊಂಡಾಗ ಮಗಳಿಗೆ ಅಮ್ಮನ ಮುಖ ನೆನಪಿಡುವ ವಯಸ್ಸಲ್ಲ. ಫೋಟೊಗಳಿದ್ದವು, ಆದರೆ ಫೋಟೊ ಅಲುಗುವುದಿಲ್ಲ. ಆದ್ದರಿಂದ ಊಟಕ್ಕೆ ಕೂತಾಗಲೆಲ್ಲ ಮಗು "ಅಪ್ಪಾ, ಅಮ್ಮನ ನಗು" ಎನ್ನುತ್ತಿತ್ತು. ಅವನು ಎಡಗೆನ್ನೆಯನ್ನು ಒಳಗೆಳೆದು ಗುಳಿ ಮಾಡಿ, ತುಟಿಯನ್ನು ಒಂದು ಪಕ್ಕಕ್ಕೆ ಸೊಟ್ಟಗೆ ತಿರುಗಿಸಿ, ಮೊದಲು ಸದ್ದಿಲ್ಲದೆ, ಆಮೇಲೆ ಒಮ್ಮೆಲೇ ಹಾಲುಕ್ಕಿದಂತೆ ನಗುತ್ತಿದ್ದ. ಮಗು ಆ ಗುಳಿಯಲ್ಲಿ ಬೆರಳಿಟ್ಟುಕೊಂಡೇ ತುತ್ತು ನುಂಗುತ್ತಿತ್ತು. ಸತ್ತವಳಿಗೆ ಈ ಭೂಮಿಯ ಮೇಲೆ ಉಳಿದಿದ್ದ ಜಾಗ ಅಷ್ಟೇ, ಬೆರಳಗಲದ ಒಂದು ಗುಳಿ.

ಚಿತ್ರದಲ್ಲಿದ್ದವನು ಕಪ್ಪು ಕೋಟಿನ ಒಬ್ಬ ಗಂಡಸು. ತುಟಿ ಬಿಗಿದು ಕೂತಿದ್ದ. ಅಸಲಿಯೋ ನಕಲಿಯೋ ಹೇಳಿ ಎಂದು ಯಜಮಾನರು ಅದನ್ನು ಹೊಸಬನ ಮೇಜಿಗೆ ಇಡಿಸಿದ್ದರು. ಹೊಸಬ ಅದನ್ನು ಕತ್ತಲಕೋಣೆಗೆ ಒಯ್ದ. ಕಿಟಕಿಗೆ ಕಪ್ಪು ಬಟ್ಟೆ ಬಡಿದ ಕೋಣೆ; ಹೊರಗೆ ಹಗಲಿದ್ದರೂ ಒಳಗೆ ಕೈಗೆ ಕೈ ಕಾಣದು. ಟರ್ಪೆಂಟೈನಿನ ಘಾಟು, ಹಳೆಯ ಅಂಟಿನ ಕೊಳೆತ ಮೂಳೆಯ ವಾಸನೆ. ಟಾರ್ಚನ್ನು ಚಿತ್ರಕ್ಕೆ ಎದುರಾಗಿ ಹಿಡಿಯದೆ ಅದರ ಅಂಚಿನಿಂದ ಓರೆಯಾಗಿ ಹಾಯಿಸಿದರೆ, ಇಸ್ತ್ರಿ ಮಾಡಿದಂತಿದ್ದ ಮುಖ ಬಿಸಿಲಿಗೆ ಒಡೆದ ಕೆರೆಯಂಗಳವಾಗುತ್ತದೆ.

ಅವನು ಓದತೊಡಗಿದ. ವಯಸ್ಸಿಗೆ ಬಿಟ್ಟ ಬಿರುಕು ಬಣ್ಣವನ್ನು ಸೀಳಿ ಅಡಿಯ ಬಿಳಿ ಲೇಪದವರೆಗೆ ಇಳಿದಿರುತ್ತದೆ, ಅದರ ಕೊಳೆ ಬುಡದಲ್ಲಿ ಕೂತಿರುತ್ತದೆ. ಮೋಸಕ್ಕೆ ಬಿಡಿಸಿದ ಬಿರುಕು ಮೇಲಿನ ವಾರ್ನಿಷ್ಷಿನಲ್ಲೇ ನಿಲ್ಲುತ್ತದೆ. ಅಂಚು ಒಣಗಿದ ಎಲೆಯಂತೆ ಮುದುಡಿರುತ್ತದೆ, ಕೊಳೆ ಮೇಲೆ ಮೆತ್ತಿರುತ್ತದೆ. ಇಲ್ಲಿನವೆಲ್ಲ ಆಳದ ಬಿರುಕುಗಳು. ಚಿತ್ರ ಅಸಲಿ, ಅನುಮಾನವಿಲ್ಲ. ಒಂದು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಎಡಗೆನ್ನೆಯ ಮೇಲೆ ಜೇಡರಬಲೆಯಂತೆ ಸುತ್ತುಸುತ್ತಾಗಿ ಒಡೆದಿತ್ತು. ಚಿತ್ರ ಬರೆದ ಬಟ್ಟೆಗೆ ಪೆಟ್ಟು ಬಿದ್ದರೆ ಹೀಗೆ ಒಡೆಯುವುದುಂಟು. ಬಲೆಯ ನಡು ಮುಂದಕ್ಕೆ ಉಬ್ಬಿದೆಯೆಂದರೆ ಪೆಟ್ಟು ಹಿಂದಿನಿಂದ ಬಿದ್ದಿದೆ. ಆದರೆ ಹಿಂದೆ, ಚಿತ್ರ ಬರೆದ ಕಾಲದಿಂದಲೂ ಬಿಚ್ಚದ, ಗೀರೂ ಇಲ್ಲದ ದಪ್ಪ ಹಲಗೆ ಬಡಿದಿತ್ತು.

ಹಲಗೆಗೂ ಬಟ್ಟೆಗೂ ನಡುವೆ ಕೂತು ಗುದ್ದಿದವರು ಯಾರು? "ಇಲಿ ಇರ್ಬೇಕು," ಎಂದು ಯಜಮಾನರ ಕೆಮ್ಮಿನ ಜೊತೆ ತನಗೇ ಹೇಳಿಕೊಂಡ.

ಅಕ್ಕನ ಬಳಿ ಬೇರೆ ಉತ್ತರವಿತ್ತು. ಚಿತ್ರಕಾರನಿಗೂ ಕೋಟಿನವನಿಗೂ ಹಗೆ. ಚಿತ್ರಕಾರ ಮಾಟಗಾರನೊಬ್ಬನನ್ನು ಹಿಡಿದು, ಕೋಟಿನವನ ಕೂದಲು ಸುಟ್ಟ ಬೂದಿಯನ್ನು ಅಡಿಯ ಬಿಳಿ ಲೇಪಕ್ಕೆ ಕಲಸಿದನಂತೆ. ಬಣ್ಣ ಒಣಗಿದ ದಿನ ಕೋಟಿನವನು ಮನೆಯಲ್ಲಿರಲಿಲ್ಲ, ಬೀದಿಯಲ್ಲಿರಲಿಲ್ಲ, ಎಲ್ಲಿಯೂ ಇರಲಿಲ್ಲ. ಅಂದಿನಿಂದ ಒಳಗಿಂದ ತಟ್ಟುತ್ತಿದ್ದಾನೆ. ಹೊರಬರಲು ಅವನಿಗೊಂದು ಮುಖ ಬೇಕು. ಅವನ ಬಿರುಕಿನ ಕೊಳೆ ಯಾರ ಚರ್ಮಕ್ಕೆ ಹತ್ತುತ್ತದೋ ಆ ಮುಖ.

"ಹತ್ತಿಬಿಟ್ರೆ?" ಎಂದು ಹೊಸಬ, ನಗು ಅದುಮಿಕೊಂಡು, ಕೇಳಿದ.

"ಆ ದಿನದ ಬೆಳಕು ಹೋಗೋದ್ರೊಳಗೆ ಉಗುಳಿನ ಹತ್ತೀಲಿ ಒರೆಸ್ಬೇಕು. ತನಗೆ ತಾನೇ ಒರೆಸ್ಕೊಂಡ್ರೆ ಆಗಲ್ಲ. ಇನ್ನೊಬ್ಬರು ಒರೆಸ್ಬೇಕು. ಅದೂ ಇದನ್ನ ನಂಬಿದವರು."

ಉಗುಳಿನ ಹತ್ತಿ ಆ ಕಸುಬಿನಲ್ಲಿ ಹೊಸದೇನಲ್ಲ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಒದ್ದೆ ಮಾಡಿ ಒರೆಸಿದರೆ ಬಣ್ಣಕ್ಕೆ ನೋವಾಗದೆ ಕೊಳೆ ಬಿಡುತ್ತದೆ. ಹೊಸಬನೂ ಬೆಳಗಿನಿಂದ ಅದನ್ನೇ ಮಾಡುತ್ತಿದ್ದ. ಮೇಜಿನ ತುದಿಯ ಬಟ್ಟಲಲ್ಲಿ ಕಪ್ಪಾದ ಹತ್ತಿಯುಂಡೆಗಳು ತುಂಬಿದ್ದವು. ಅವನ್ನು ಒಲೆಗೆ ಹಾಕುವುದರ ಬದಲು ಹೊಸಬನ ತಲೆಯಲ್ಲಿ ಬೇರೊಂದು ಅಡುಗೆ ಶುರುವಾಯಿತು.

ನಕಲಿ ಚಿತ್ರ ಮಾರುವವರು ಬಿರುಕು ಬಿಡಿಸುವ ಉಪಾಯ ಅವನಿಗೆ ಗೊತ್ತಿತ್ತು. ಒಂದು ಪದರ ವಾರ್ನಿಷ್, ಅದು ಪೂರ್ತಿ ಒಣಗುವ ಮೊದಲೇ ಮೇಲೊಂದು ಪದರ ಗೋಂದು. ಎರಡೂ ಒಣಗುವ ವೇಗ ಬೇರೆ; ಒಂದನ್ನೊಂದು ಎಳೆದಾಡಿ ಒಡೆಯುತ್ತವೆ. ಒಡೆದಲ್ಲಿ ಹಳೆಯ ಕೊಳೆ ತಿಕ್ಕಿದರೆ ನಿನ್ನೆಯ ಚಿತ್ರಕ್ಕೆ ಮುತ್ತಾತನ ವಯಸ್ಸು. ಊಟದ ಬಿಡುವಿನಲ್ಲಿ ಅವನು ಎಡಗೆನ್ನೆಗೆ ವಾರ್ನಿಷ್ ಸವರಿದ. ಗೋಂದು ಹಚ್ಚಿದ. ಕೂದಲೊಣಗಿಸುವ ಯಂತ್ರದ ಬಿಸಿಗಾಳಿ ಹಿಡಿದ. ಚರ್ಮ ಬಿಗಿಯಿತು. ಚಿಟ್, ಚಿಟ್ ಎಂದು ಸಣ್ಣ ಸದ್ದು. ಆಮೇಲೆ ಬಟ್ಟಲಿಂದ ಒಂದು ಕರಿಯುಂಡೆ ತೆಗೆದು, ಕೋಟಿನವನ ಕೊಳೆಯನ್ನು ತನ್ನ ಕೆನ್ನೆಗೆ ಚೆನ್ನಾಗಿ ತಿಕ್ಕಿದ. ತಣ್ಣಗಾಯಿತು.

ಅಕ್ಕನನ್ನು ಕತ್ತಲಕೋಣೆಗೆ ಕರೆದು ಟಾರ್ಚನ್ನು ತನ್ನ ಮುಖಕ್ಕೆ ಓರೆಯಾಗಿ ಹಿಡಿದ.

ಅಕ್ಕ ಕಿರುಚಲಿಲ್ಲ. ಅವಳ ಕೈಯಲ್ಲಿದ್ದ ಚೌಕಟ್ಟು ನೆಲಕ್ಕೆ ಬಿದ್ದು ಮೂಲೆ ಬಿಟ್ಟುಕೊಂಡಿತು. ಮರುಕ್ಷಣ ಸೀರೆಯ ಮೇಲೆ ತೊಟ್ಟ ಕೆಲಸದಂಗಿಯ ಜೇಬಿನಿಂದ ಹತ್ತಿ ತೆಗೆದು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡು ಅವನ ಕೆನ್ನೆಯತ್ತ ಬಂದಳು. ಹೆದರಿ ಓಡಬೇಕಾದವಳು ಹತ್ತಿರ ಬಂದಳು.

ಹೊಸಬ ಅವಳ ಕೈ ತಳ್ಳಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಗೋಂದು ಅಕ್ಕಾ, ಬರೀ ಗೋಂದು!"

ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ ಎಲ್ಲರೂ ನಕ್ಕರು. ಅಕ್ಕ ಹತ್ತಿಯನ್ನು ಮಡಿಚಿ ಜೇಬಿಗಿಟ್ಟು, ಮುರಿದ ಚೌಕಟ್ಟಿನ ತುಂಡುಗಳನ್ನು ಆರಿಸಿಕೊಂಡಳು. ಹೋಗುವಾಗ ಒಂದೇ ಮಾತು ಹೇಳಿದಳು. "ಇನ್ನು ನೀನು ನಿಜವಾಗ್ಲೂ ಸತ್ರೂ ನಾನು ತಿರುಗಿ ನೋಡಲ್ಲ ಕಣೋ."

ಮಧ್ಯಾಹ್ನವಿಡೀ ಅವನು ಆ ಗೆಲುವಿನ ಅಮಲಿನಲ್ಲೇ ಕೆಲಸ ಮಾಡಿದ. ಸಂಜೆಯ ಚಹಾಕ್ಕೆ ಮುಂಚೆ ನಲ್ಲಿಯ ಬಳಿ ಹೋಗಿ ಮುಖ ತೊಳೆದ. ಗೋಂದು ಹೋಯಿತು. ವಾರ್ನಿಷ್ ಹೋಯಿತು. ಬಿರುಕು ಹೋಗಲಿಲ್ಲ. ಸೋಪು ಹಚ್ಚಿದ. ತಿಕ್ಕಿದ. ನೀರು ಎಷ್ಟೋ ಹೊತ್ತು ಕಪ್ಪಗೆ ಹರಿಯಿತು, ಆಮೇಲೆ ತಿಳಿಯಾಯಿತು. ಕನ್ನಡಿಯಲ್ಲಿ ಮಾತ್ರ ಕಪ್ಪು ಹಾಗೇ ಇತ್ತು.

ಅವನು ಕತ್ತಲಕೋಣೆಗೆ ನಡೆದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ, ಎದುರಿಗೆ ಮುಖಗನ್ನಡಿ. ಕಸುಬು ಅವನ ಭಯಕ್ಕಿಂತ ಮೊದಲು ಎದ್ದು ಓದತೊಡಗಿತು. ಅಂಚು ಮುದುಡಿಲ್ಲ. ಕೊಳೆ ಬುಡದಲ್ಲಿ ಕೂತಿದೆ. ಬಿರುಕು ಆಳಕ್ಕಿಳಿದಿದೆ. ಇಳಿದಲ್ಲಿ ಕೆಂಪಿಲ್ಲ. ರಕ್ತವಿಲ್ಲ. ಬಿಳಿ. ಸುಣ್ಣದಂಥ ಒಣ ಬಿಳಿ.

ಅಸಲಿ ಎಂದಿತು ಕಸುಬು.

ನಡುವೆ ಜೇಡರಬಲೆ. ಬಲೆಯ ನಡು ಹೊರಕ್ಕೆ ಉಬ್ಬಿತ್ತು. ಪೆಟ್ಟು ಹೊರಗಿನದಲ್ಲ.

ಟಕ್.

ಅವನು ನಾಲಿಗೆ ಅಲುಗಿಸಿರಲಿಲ್ಲ. ಹಲ್ಲು ಕಡಿದಿರಲಿಲ್ಲ. ಟಕ್. ಕೆನ್ನೆಯ ಒಳಗೆ. ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ. ಟಕ್ ಟಕ್. ಟಾರ್ಚು ಚಿತ್ರದತ್ತ ಹೊರಳಿತು. ಕೋಟಿನವನ ಎಡಗೆನ್ನೆ ಈಗ ನುಣ್ಣಗಿತ್ತು. ಮಗುವಿನ ಕೆನ್ನೆಯಂತೆ ನುಣ್ಣಗೆ. ಬಿಗಿದಿದ್ದ ತುಟಿ ಒಂದು ಕೂದಲೆಳೆಯಷ್ಟು ಬಿಟ್ಟಿತ್ತು.

ಹೊಸಬ ಮುಖಗನ್ನಡಿಗೆ ತಿರುಗಿ ಹೆಂಡತಿಯ ನಗುವನ್ನು ಪ್ರಯತ್ನಿಸಿದ. ಅದಿದ್ದರೆ ಎಲ್ಲ ಇದ್ದಂತೆ. ಕೆನ್ನೆ ಒಳಗೆಳೆದ. ಗುಳಿ ಬಿತ್ತು. ಗುಳಿಯ ಸುತ್ತ ಚಿಟ್ ಎಂದಿತು. ಅಂಚೊಂದು ಎದ್ದು ನಿಂತಿತು, ಸುಣ್ಣದ ಗೋಡೆಯ ಹಕ್ಕಳೆ ಏಳುವಂತೆ. ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಓಡಿದ.

ಎಲ್ಲರೂ ಚಹಾಕ್ಕೆ ಕೂತಿದ್ದರು. ಪಡುವಣ ಕಿಟಕಿಯಲ್ಲಿ ಬೆಳಕು ಒಂದು ಅಂಗೈಯಷ್ಟು ಉಳಿದಿತ್ತು. ಹೊಸಬ ಅಕ್ಕನ ಎದುರು ಮಂಡಿಯೂರಿದ. ಬಾಯಿ ಹೆಚ್ಚು ಅಲುಗದಂತೆ, ತುಟಿಯ ತುದಿಯಲ್ಲಿ ಮಾತಾಡಿದ.

"ಒರೆಸಕ್ಕಾ. ಇದು ಗೋಂದಲ್ಲ."

ಯಾರೋ ಕಿಸಕ್ಕೆಂದರು. ಮತ್ತೆ ಶುರು ಮಾಡಿದ ನೋಡು, ಈ ಸಲ ಮಂಡಿ ಬೇರೆ ಊರಿದ್ದಾನೆ ಎಂದರು ಇನ್ನೊಬ್ಬರು. ಯಜಮಾನರಂತೂ ತಮ್ಮ ಕೆಮ್ಮನ್ನು ತಾವೇ ಕೆಮ್ಮಿ, ಇದನ್ನೂ ಸೇರಿಸಿಕೋ ಎಂದರು.

"ಮಗಳಾಣೆ ಅಕ್ಕಾ."

ನಗು ನಿಂತಿತು. ಅವನು ಯಾವುದನ್ನು ಬೇಕಾದರೂ ಆಡಿಕೊಂಡಾನು, ಮಗಳನ್ನು ಮಾತ್ರ ಆಟಕ್ಕೆ ತರುವವನಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅಕ್ಕ ಲೋಟ ಕೆಳಗಿಟ್ಟಳು. ಕನ್ನಡಕ ಮೇಲೇರಿಸಿದಳು. ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಅವಳ ಕಣ್ಣಲ್ಲಿ ಮಧ್ಯಾಹ್ನದ ಅದೇ ಭಯ ಮೆಲ್ಲಗೆ ಏರಿ ಬರುವುದನ್ನು ಅವನು ನೋಡಿದ. ಯಾರ ಕಣ್ಣಿನ ಭಯವೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ. ಅವಳ ಕೈ ಜೇಬಿಗಿಳಿಯಿತು. ಮಡಿಚಿಟ್ಟ ಹತ್ತಿ ಹೊರಬಂತು. ತುಟಿಗೆ ಮುಟ್ಟಿತು.

ಟಕ್.

ಕೆನ್ನೆಯನ್ನು ಒಳಗಿನಿಂದ ಯಾರೋ ಹಿಡಿದೆಳೆದರು. ತುಟಿ ಒಂದು ಪಕ್ಕಕ್ಕೆ ಸರಿಯಿತು. ಬೇಡ ಎಂದ ಅವನು. ಬೇಡ ಎಂಬ ಮಾತು ಗಂಟಲಲ್ಲೇ ಉಳಿಯಿತು. ಹೊರಬಂದದ್ದು ನಗು. ಅವನದಲ್ಲ. ಅವನ ಹೆಂಡತಿಯದೂ ಅಲ್ಲ. ಬಹಳ ಕಾಲ ಮುಚ್ಚಿಟ್ಟ ಪೆಟ್ಟಿಗೆಯ ಮುಚ್ಚಳ ತೆರೆದಂಥ, ಒಣಗಿದ, ಕೊಕ್ಕರಿಸುವ, ಯಾವನೋ ಮುದುಕ ಗಂಡಸಿನ ನಗು.

ಅದರಷ್ಟು ಚೆನ್ನಾದ ಮಿಮಿಕ್ರಿಯನ್ನು ಅವರ್ಯಾರೂ ಈವರೆಗೆ ಕೇಳಿರಲಿಲ್ಲ. ಚಪ್ಪಾಳೆ ಬಿತ್ತು.

ಅಕ್ಕ ಹತ್ತಿಯನ್ನು ತುಟಿಯಿಂದ ತೆಗೆದಳು. ಅವಳ ಮುಖದಲ್ಲಿ ಮೊದಲು ನೋವು ಕಾಣಿಸಿತು, ಆಮೇಲೆ ನಾಚಿಕೆ, ಆಮೇಲೆ, ಮೊದಲ ಸಲ, ಆಟ ಅರ್ಥವಾದವಳ ಬೆಳಕು.

"ಅಬ್ಬಾ, ಮಗಳ ಆಣೆನೂ ಬಿಡ್ಲಿಲ್ವಲ್ಲೋ. ಎರಡು ಸಲ ಬೀಳ್ತೀನಾ ನಾನು?" ಎಂದು ಹತ್ತಿಯನ್ನು ಒಲೆಗೆ ಎಸೆದಳು.

ಅವನು ತಲೆಯಾಡಿಸಿದ. ಅವಳ ಸೆರಗು ಹಿಡಿದ. ಕಣ್ಣಲ್ಲಿ ನೀರು ಬಂತು. ಬಾಯಿ ನಗುತ್ತಲೇ ಇತ್ತು. ಹೆಬ್ಬೆರಳು ಜಾರಿತು. ಕೆನ್ನೆಯಿಂದ ಹಕ್ಕಳೆಯೊಂದು ಕಳಚಿ ಅವಳ ಚಹಾದ ತಟ್ಟೆಗೆ ಬಿತ್ತು. ಟಿಣ್ ಎಂದಿತು. ಬೆರಳಗಲ. ನಡುವೆ ಚಿಪ್ಪಿನಂತೆ ಒಂದು ಗುಳಿ.

ಅಕ್ಕ ಅದನ್ನು ಉಗುರಿನಿಂದೆತ್ತಿ ಕಿಟಕಿಯ ಕಡೆ ಹಿಡಿದಳು. ಅಲ್ಲಿ ಬೆಳಕು ಇರಲಿಲ್ಲ.

"ಗೋಂದು ಭಾರಿ ಚೆನ್ನಾಗಿ ಕೂತಿದೆ ಕಣೋ," ಎಂದಳು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕಳು.