ನಾಲ್ಕು ನಿಮಿಷದಲ್ಲಿ ಬರುವ ಬಸ್ಸು

ಫುರುಲಿಯಾ ಬಸ್ ಸ್ಟಾಪಿನ ಬೋರ್ಡು ಸುಳ್ಳು ಹೇಳುತ್ತಿತ್ತು. ಐವತ್ತು ನಿಮಿಷಗಳಿಂದ ಒಂದೇ ಸುಳ್ಳು: ಹದಿನಾಲ್ಕನೇ ನಂಬರ್ ಬಸ್ಸು ನಾಲ್ಕು ನಿಮಿಷದಲ್ಲಿ ಬರಲಿದೆ.

ಟೂರುನ್ ಅದನ್ನು ನಂಬಿ ಬೆಳಗಿನ ಏಳು ಗಂಟೆಯಿಂದ ನಿಂತಿದ್ದಳು. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಹಾರಿಬಂದು ಮುಖಕ್ಕೆ ಬಡಿಯುತ್ತಿತ್ತು. ಮೂಗು ಇದೆಯೋ ಇಲ್ಲವೋ ಎಂದು ಅವಳು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಆದರೆ ಸಿಟ್ಟಿನ ಉರಿ ಮಾತ್ರ ಚೂರೂ ಆರಿರಲಿಲ್ಲ.

ಸ್ಟೇನ್‌ಸುಂಡ್‌ನಲ್ಲಿ ಇದೇನು ಹೊಸತಲ್ಲ. ನಾರ್ವೆಯಲ್ಲಿ ಚಳಿಗಾಲ ಬರುತ್ತದೆ ಎಂಬ ಸಂಗತಿ ಈ ಊರಿನ ಸಾರಿಗೆ ಕಚೇರಿಗೆ ಪ್ರತಿವರ್ಷವೂ ಹೊಸದಾಗಿ ಗೊತ್ತಾಗುತ್ತದೆ. ಬೇರೆ ದಿನವಾಗಿದ್ದರೆ ಟೂರುನ್ ಎರಡು ಬೈಗುಳ ಗೊಣಗಿ ಮನೆಗೆ ಹೋಗಿ ಕಾಫಿ ಕುಡಿಯುತ್ತಿದ್ದಳು. ಇವತ್ತು ಹಾಗೆ ಮಾಡುವಂತಿರಲಿಲ್ಲ.

ಇವತ್ತು ಶುಕ್ರವಾರ, ಕನ್ನಡಕದ ಅಂಗಡಿಯಲ್ಲಿ ಅವಳ ಕೊನೆಯ ದಿನ. ಭಾನುವಾರ ವಿಮಾನ. ಸೋಮವಾರದಿಂದ ಸಾವಿರ ಕಿಲೋಮೀಟರ್ ಉತ್ತರದ ಬೂಡೊದಲ್ಲಿ ಹೊಸ ಕೆಲಸ. ಹಸಿರು ಟೊಪ್ಪಿಯವನನ್ನು ನೋಡಲು ಅವಳಿಗೆ ಉಳಿದಿದ್ದು ಇದೊಂದೇ ಬಸ್ಸು. ಇವತ್ತಾದರೂ ಬಾಯಿಬಿಟ್ಟು ಮಾತಾಡಿಸಿಯೇ ತೀರುತ್ತೇನೆಂದು ರಾತ್ರಿಯೆಲ್ಲ ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

ಅವನ ಹೆಸರು ಅವಳಿಗೆ ಗೊತ್ತಿರಲಿಲ್ಲ. ದನಿಯೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ದಿನಾ ಒಂದೇ ಬಸ್ಸು, ಒಂದೇ ಸಮಯ, ಆದರೂ ಒಂದು ಮಾತಿಲ್ಲ. ಈ ಊರಿನ ಬಸ್ಸಿನಲ್ಲಿ ಪರಿಚಯವಿಲ್ಲದವರ ಜೊತೆ ಮಾತಾಡುವವರೆಂದರೆ ಕುಡಿದವರು, ಇಲ್ಲವೇ ದಾರಿ ತಪ್ಪಿದವರು.

ಹಾಗೆಂದು ಏನೂ ಆಗಿರಲಿಲ್ಲವೆಂದಲ್ಲ. ಚಳಿಯಿಂದ ಒಳಗೆ ಬಂದೊಡನೆ ಅವನ ಕನ್ನಡಕ ಮಂಜಾಗುತ್ತಿತ್ತು. ಅವನು ಕುರುಡನಂತೆ ಒಂದು ಕ್ಷಣ ನಿಲ್ಲುತ್ತಿದ್ದ, ಅವಳು ಆ ಒಂದು ಕ್ಷಣ ಅವನನ್ನು ಮನಸಾರೆ ನೋಡಿಬಿಡುತ್ತಿದ್ದಳು. ಕನ್ನಡಕ ಒರೆಸಿಕೊಂಡು ಅವನು ಕಣ್ಣೆತ್ತುವಷ್ಟರಲ್ಲಿ ಅವಳ ದೃಷ್ಟಿ ಕಿಟಕಿಯ ಮೇಲಿರುತ್ತಿತ್ತು. ಹೊರಗೆ ಕತ್ತಲು, ಗಾಜಿನಲ್ಲಿ ಅವನದೇ ಮುಖ. ಅವನೂ ಅದೇ ಗಾಜನ್ನು ನೋಡುತ್ತಿದ್ದ. ಒಮ್ಮೆ ಇಬ್ಬರೂ ಆ ಗಾಜಿನಲ್ಲಿ ಸಿಕ್ಕಿಬಿದ್ದು, ಇಬ್ಬರ ಕಿವಿಯೂ ಕೆಂಪಾಗಿದ್ದು ಅವಳಿಗೆ ಚೆನ್ನಾಗಿ ನೆನಪಿದೆ.

ಅವನಿಗಾಗಿ ಅವಳು ಸೀಟು ಕೂಡ ಹಿಡಿಯುತ್ತಿದ್ದಳು. ಬಸ್ಸು ಹತ್ತಿದೊಡನೆ ಪಕ್ಕದ ಸೀಟಿನ ಮೇಲೆ ತನ್ನ ಹಳದಿ ಚೀಲ ಇಡುವುದು, ಎರಡು ಸ್ಟಾಪು ದಾಟಿ ಅವನು ಹತ್ತುವ ಹೊತ್ತಿಗೆ ಚೀಲದ ಹಿಡಿಯ ಮೇಲೆ ಕೈಯಿಟ್ಟು ತಯಾರಾಗಿರುವುದು. ಒಂದು ಮಾತು ಕೇಳಿದ್ದರೆ ಸಾಕು, ಎತ್ತಿಬಿಡುತ್ತಿದ್ದಳು. ಆದರೆ ಆ ಮಹಾರಾಯ ಅವಳತ್ತ ಒಂದು ಅರೆನಗು ಬೀರಿ, ನೆಟ್ಟಗೆ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದ. ಎರಡು ವರ್ಷ! ಅದೆಂಥ ಜಂಬ! ಸಾಲದ್ದಕ್ಕೆ ಕಳೆದ ಅಕ್ಟೋಬರಿನಲ್ಲಿ ಬೇರೆ ಯಾವುದೋ ಅಂಗಡಿಯಿಂದ ಹೊಸ ಕನ್ನಡಕ ಕೊಂಡು ತಂದಿದ್ದ, ಅದೂ ಎಡಗಡೆ ಸೊಟ್ಟ. ಆ ದಿನ ಅವಳು ಮಧ್ಯಾಹ್ನದ ಊಟವನ್ನೇ ಮಾಡಿರಲಿಲ್ಲ.

"ಇನ್ನೂ ನಾಲ್ಕೇ ನಿಮಿಷ ಅಂತೆ," ಎಂದಳು ಪಕ್ಕದಲ್ಲಿ ನಿಂತಿದ್ದ ಮುದುಕಿ ಬೋರ್ಗಿಲ್. ಸ್ಟಾಪಿನ ಹಿಂದಿನ ಮನೆಯೇ ಅವಳದು. ಬಸ್ಸಿಗೆ ಬಂದವಳೂ ಅಲ್ಲ, ತಮಾಷೆ ನೋಡಲು ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದಿದ್ದಳು. "ಬೋರ್ಡ್‌ಗೆ ಆಯಸ್ಸು ಗಟ್ಟಿ, ನೋಡು. ನಮಗಿಂತ ಜಾಸ್ತಿ ಹೊತ್ತು ಬದುಕುತ್ತೆ."

ಟೂರುನ್ ಕೈಗವಸು ಕಿತ್ತು ಸಾರಿಗೆ ಕಚೇರಿಗೆ ಫೋನ್ ಮಾಡಿದಳು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಒಂದು ಗಂಡುದನಿ ಬಂತು, ದಣಿದಿದ್ದರೂ ಮೃದುವಾಗಿತ್ತು.

"ಹೇಳಿ. ಎಲ್ಲಿ ಸಿಕ್ಕಿಹಾಕ್ಕೊಂಡಿದೀರಿ?"

"ಫುರುಲಿಯಾ. ಹದಿನಾಲ್ಕನೇ ನಂಬರ್ ಎಲ್ಲಿ ಸತ್ತಿದೆ?"

"ಬಸ್ ಬರಲ್ಲ. ಆರೂ ಐವತ್ತಕ್ಕೇ ಊರಿನ ಎಲ್ಲಾ ಬಸ್ ನಿಲ್ಲಿಸಿದ್ದೀವಿ."

"ಆರೂ ಐವತ್ತಕ್ಕೆ? ಮತ್ತೆ ಬೋರ್ಡಲ್ಲಿ ನಾಲ್ಕು ನಿಮಿಷ ಅಂತ ಇದೆಯಲ್ಲ!"

"ಬೋರ್ಡು... ಬೇರೆ ವಿಭಾಗದ್ದು."

ಟೂರುನ್‌ಳ ಪಿತ್ತ ನೆತ್ತಿಗೇರಿತು. "ಏನ್ರೀ ಹಾಗಂದ್ರೆ? ಬಸ್ ನಿಲ್ಲಿಸೋದು ನೀವು, ಬರುತ್ತೆ ಅನ್ನೋದು ಇನ್ನೊಬ್ರು, ನಡುವೆ ಮರಗಟ್ಟಿ ಸಾಯೋದು ನಾವಾ? ಯಾರು ಆ ಆರ್ಡರ್ ಕೊಟ್ಟ ಪುಣ್ಯಾತ್ಮ? ಕಾರಲ್ಲಿ ಬಂದು ಬೆಚ್ಚಗೆ ಕೂತಿರ್ತಾನೆ!"

"ನಾನೇ ಕೊಟ್ಟಿದ್ದು," ಎಂದಿತು ದನಿ. "ಕಾರಿಲ್ಲ ನನ್ಹತ್ರ. ಬೆಳಗಿನ ಜಾವ ಮೂರು ಗಂಟೆಗೆ ಕರೆದ್ರು ಅಂತ ನಡ್ಕೊಂಡು ಬಂದೆ."

"ನಿಮ್ಮ ಕಥೆ ನನಗ್ಯಾಕೆ? ನನ್ನ ಕಥೆ ಕೇಳಿ. ಆ ಬಸ್ಸಲ್ಲಿ ಒಬ್ಬ ಬರ್ತಾನೆ. ಅವನಿಗೆ ನಾನೊಂದು ಮಾತು ಹೇಳ್ಬೇಕಿತ್ತು. ಇವತ್ತೇ ಕೊನೆ ದಿನ, ಭಾನುವಾರ ನಾನು ಊರೇ ಬಿಡ್ತಿದ್ದೀನಿ. ಅವನ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಆ ಬಸ್ ಬಿಟ್ರೆ ಅವನು ಸಿಗೋ ಜಾಗಾನೇ ಇಲ್ಲ. ಅದನ್ನ ನೀವು ಒಂದು ಬಟನ್ ಒತ್ತಿ ಮುಗಿಸಿಬಿಟ್ರಿ!"

ಇಷ್ಟನ್ನು ಅವಳು ಯಾವ ಗೆಳತಿಗೂ ಹೇಳಿರಲಿಲ್ಲ. ಬೋರ್ಗಿಲ್ ಕಾಫಿ ಕುಡಿಯುವುದನ್ನೂ ಮರೆತು ಕಿವಿ ಈ ಕಡೆ ತಿರುಗಿಸಿದಳು.

ಫೋನಿನ ದನಿ ಕೇಳಿತು: "ಅವನು... ನೋಡೋಕೆ ಹೇಗಿದ್ದಾನೆ?"

"ಹಸಿರು ಟೊಪ್ಪಿ, ಸೊಟ್ಟ ಕನ್ನಡಕ. ಪಕ್ಕದಲ್ಲೇ ಸೀಟು ಖಾಲಿ ಇದ್ರೂ ಹಿಂದೆ ಹೋಗಿ ಲೈಟ್ ಕಂಬದ ಥರ ನಿಂತ್ಕೋತಾನೆ. ಅಷ್ಟು ಕೊಬ್ಬು!"

"ಸೀಟು ಖಾಲಿ ಇರಲ್ಲ," ಎಂದಿತು ದನಿ, ಈಗ ತೀರಾ ಸಣ್ಣದಾಗಿ. "ಅದರ ಮೇಲೆ ಒಂದು ಹಳದಿ ಚೀಲ ಇರುತ್ತೆ. ದಿನಾ. ಇಲ್ಲಿ ಕೂತ್ಕೋಬೇಡಿ ಅಂತ."

ಟೂರುನ್ ಫೋನ್ ಕಟ್ ಮಾಡಿದಳು. ಕೂತ್ಕೋಬೇಡಿ ಅಂತಲಾ? ಎರಡು ವರ್ಷ ಹಿಡಿದಿಟ್ಟ ಸೀಟನ್ನು ಆ ದಡ್ಡ ಹಾಗೆ ತಿಳಿದುಕೊಂಡಿದ್ದನಾ? ನಾಚಿಕೆ, ಸಂತೋಷ, ಸಿಟ್ಟು ಮೂರೂ ಒಟ್ಟಿಗೆ ನುಗ್ಗಿದವು. ಕೊನೆಗೆ ಗೆದ್ದದ್ದು ಸಿಟ್ಟೇ.

"ಕಚೇರಿ ಎಷ್ಟು ದೂರ ಅಜ್ಜಿ?"

"ಮೂರು ಕಿಲೋಮೀಟರ್, ಪೂರ್ತಿ ಇಳಿಜಾರು. ಯಾಕೆ, ಹೊಡೀತೀಯಾ ಅವನಿಗೆ?"

"ಎದುರಿಗೇ ನಿಂತು ಬೈದು ಬರ್ತೀನಿ."

"ಹಾಗಾದ್ರೆ ನನ್ನ ಸ್ಕೀ ತಗೊಂಡು ಹೋಗು. ಬೂಟು ಒಂದು ಸೈಜ್ ದೊಡ್ಡದು, ಎರಡು ಜೊತೆ ಸಾಕ್ಸ್ ಹಾಕ್ಕೋ." ಮುದುಕಿಯ ಕಣ್ಣು ಮಿನುಗಿತು. "ಬೈದು ಮುಗಿದ್ಮೇಲೆ ಏನಾಯ್ತು ಅಂತ ಬಂದು ಹೇಳ್ಬೇಕು. ಅದೇ ಬಾಡಿಗೆ."

ಬಸ್ಸುಗಳೇ ಇಲ್ಲದ ಬಸ್ ದಾರಿಯಲ್ಲಿ ಟೂರುನ್ ಸ್ಕೀ ಮೇಲೆ ಜಾರುತ್ತ ಇಳಿದಳು. ಬೆನ್ನಿಗೆ ಹಳದಿ ಚೀಲ, ಬಾಯಲ್ಲಿ ಬೈಗುಳದ ತಾಲೀಮು. ಒಂದೊಂದು ಸ್ಟಾಪಿನ ಬೋರ್ಡೂ ನಾಲ್ಕು ನಿಮಿಷ, ನಾಲ್ಕು ನಿಮಿಷ ಎನ್ನುತ್ತಿತ್ತು. ದೊಡ್ಡ ತಿರುವಿನಲ್ಲಿ ಅವಳು ಸರಕ್ಕನೆ ನಿಂತಳು. ಅಲ್ಲಿ ಒಂದು ಬಸ್ಸು ರಸ್ತೆಗೆ ಅಡ್ಡಲಾಗಿ ತಿರುಗಿ ನಿಂತಿತ್ತು. ತಡೆಗೋಡೆ ಮುರಿದು ಮುಂದಿನ ಒಂದು ಚಕ್ರ ಗಾಳಿಯಲ್ಲಿತ್ತು. ಅದರ ಕೆಳಗೆ ಕಡಿದಾದ ಬಂಡೆ, ಬಂಡೆಯ ಬುಡದಲ್ಲಿ ಸಮುದ್ರ. ಒಳಗೆ ಯಾರೂ ಉಳಿದಿರಲಿಲ್ಲ.

ತಾಲೀಮು ಮಾಡಿದ್ದ ಬೈಗುಳದಲ್ಲಿ ಅರ್ಧದಷ್ಟು ಅಲ್ಲೇ ಮರೆತುಹೋಯಿತು. ಉಳಿದರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡು ಅವಳು ಮುಂದೆ ಹೊರಟಳು.

ಕಚೇರಿಯ ಬಾಗಿಲು ದಾಟುವಾಗ ತಲೆಯಿಂದ ಕಾಲಿನವರೆಗೆ ಅವಳು ಬೆಳ್ಳಗಿದ್ದಳು. ಗಾಜಿನಾಚೆ ಬಸ್ ದಾರಿಗಳ ನಕ್ಷೆ ತೋರಿಸುವ ಗೋಡೆಯಷ್ಟು ಪರದೆ, ನಾಲ್ಕಾರು ಫೋನುಗಳು, ನಡುವೆ ಹಸಿರು ಟೊಪ್ಪಿ. ಅವನು ತಿರುಗಿ ನೋಡಿದ. ಎದ್ದು ನಿಂತ. ಈ ಬಾರಿ ಮಂಜಾಗಿದ್ದು ಅವಳ ಕಣ್ಣು.

"ನಿಮ್ಮ ಹೆಸರು?" ಎಂದಳು, ಪೊಲೀಸರು ಕೇಳುವಂತೆ.

"ಸಿಗುರ್."

"ನಾನು ಟೂರುನ್. ಸಿಗುರ್, ಆ ತಿರುವಿನಲ್ಲಿ ಬಸ್ ನೋಡಿದೆ. ನಿಲ್ಲಿಸಿದ್ದು ಸರಿ. ಅದಕ್ಕೆ ಬೈಯಲ್ಲ."

ಅವನು ಉಸಿರು ಬಿಟ್ಟ. "ಹನ್ನೊಂದು ಜನ ಇದ್ರು ಅದರಲ್ಲಿ. ಡ್ರೈವರ್ ರೇಡಿಯೋದಲ್ಲಿ ಕೂಗ್ತಿದ್ದ. ಒಬ್ಬೊಬ್ಬರನ್ನೇ ಹಿಂದಿನ ಬಾಗಿಲಿಂದ ಇಳಿಸೋವರೆಗೆ ನಾನು ರೇಡಿಯೋ ಬಿಟ್ಟು ಏಳಲಿಲ್ಲ. ಅವರೆಲ್ಲ ಇಳಿದ ಮೇಲೆ ಎಲ್ಲಾ ಬಸ್ ನಿಲ್ಲಿಸಿ ಅಂದೆ. ಅಂದ ಕೂಡಲೇ ಗಡಿಯಾರ ನೋಡಿದೆ. ಇವತ್ತು ಅವರನ್ನ ನೋಡಕ್ಕಾಗಲ್ಲ ಅಂತ ಅನ್ನಿಸ್ತು. ನಾಚಿಕೆ ಆಯ್ತು ನನಗೆ. ಊರೇ ಮುಳುಗ್ತಿರುವಾಗ ಎಂಥ ಯೋಚನೆ ಅಂತ."

"ಅವರನ್ನ ಅಂದ್ರೆ ಯಾರನ್ನ? ಸರಿಯಾಗಿ ಹೇಳಿ. ಬೇರೆ ವಿಭಾಗದ್ದು ಅಂದ್ರೆ ಈ ಸ್ಕೀ ಕೋಲಲ್ಲಿ ಹೊಡೀತೀನಿ."

"ನಿಮ್ಮನ್ನ," ಎಂದ ಸಿಗುರ್. ಪಕ್ಕದ ಮೇಜಿನ ಮಹಿಳೆ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. "ಎರಡು ವರ್ಷದಿಂದ ನಿಮ್ಮನ್ನ ಇಷ್ಟಪಡ್ತಿದ್ದೀನಿ. ಚೀಲ ನೋಡಿದಾಗೆಲ್ಲ, ಈ ಹುಡುಗಿಗೆ ಪಕ್ಕದಲ್ಲಿ ಯಾರೂ ಬೇಡ ಅಂತ ತಿಳ್ಕೊಂಡೆ."

"ಕೇಳೋಕೆ ಬಾಯಿರಲಿಲ್ವಾ? ಇದು ಖಾಲಿ ಇದೆಯಾ ಅಂತ, ಒಂದು ಮಾತು!"

"ನೀವು ಎತ್ತಿ ಇಡಬಹುದಿತ್ತಲ್ಲ?"

"ನೀವು ಕೇಳದೆ ನಾನ್ಯಾಕೆ ಎತ್ತಲಿ? ನನಗೂ ಮಾನ ಮರ್ಯಾದೆ ಇಲ್ವಾ? ಮತ್ತೆ ಆ ಕನ್ನಡಕ! ನಮ್ಮ ಅಂಗಡಿ ಬಿಟ್ಟು ಇನ್ನೆಲ್ಲೋ ಕೊಂಡ್ರಿ. ಅದನ್ನಂತೂ ನಾನು ಸಾಯೋವರೆಗೂ ಕ್ಷಮಿಸಲ್ಲ."

"ನಿಮ್ಮ ಅಂಗಡಿ ಬಾಗಿಲವರೆಗೆ ಮೂರು ಸಲ ಬಂದಿದ್ದೆ. ಕಣ್ಣು ಪರೀಕ್ಷೆಗೆ ನೀವು ಅಷ್ಟು ಹತ್ತಿರ ಬಂದ್ರೆ ನನಗೆ ಒಂದಕ್ಷರಾನೂ ಓದೋಕಾಗಲ್ಲ ಅನ್ನಿಸಿ ವಾಪಸ್ ಹೋದೆ."

ಟೂರುನ್ ಬೈಯಲು ಬಾಯಿ ತೆರೆದಳು. ಬದಲಿಗೆ ಕೈ ಚಾಚಿ ಅವನ ಕನ್ನಡಕ ತೆಗೆದಳು. ಎಡಗಡೆಯ ಕಡ್ಡಿಯನ್ನು ಉಸಿರೂದಿ ಬೆಚ್ಚಗೆ ಮಾಡಿ, ಮೆಲ್ಲಗೆ ಬಗ್ಗಿಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸಿದಳು. ಹಿಮದಲ್ಲಿ ತಣ್ಣಗಾದ ಅವಳ ಬೆರಳು ಅವನ ಕಿವಿಗೆ ತಗಲಿತು. ಅವನು ಕಣ್ಣು ಮುಚ್ಚಿದ.

"ಈಗ ನೆಟ್ಟಗಿದೆ," ಎಂದಳು. "ಕಣ್ಣು ಬಿಡಿ, ನೋಡಿ."

"ಕಾಣ್ತಿದೆ," ಎಂದ ಅವನು. ಅವಳನ್ನೇ ನೋಡುತ್ತಿದ್ದ, ಗಾಜಿನ ಹಂಗಿಲ್ಲದೆ, ಮೊದಲ ಸಲ.

ಆಗಲೇ ಎಲ್ಲ ಫೋನೂ ಒಟ್ಟಿಗೆ ರಿಂಗಾದವು. ಅವನಿಗೆ ಹೋಗಲೇಬೇಕಿತ್ತು. ಟೂರುನ್ ಹೀಟರ್ ಪಕ್ಕದಲ್ಲಿ ಕೂತು ಎರಡು ಗಂಟೆ ಕಾದಳು. ಕಾಯುವುದಕ್ಕೆ ಸಿಟ್ಟೇ ಬರಲಿಲ್ಲವಲ್ಲ ಎಂದು ತನಗೆ ತಾನೇ ಆಶ್ಚರ್ಯಪಟ್ಟಳು. ಮಧ್ಯೆ ಒಮ್ಮೆ ಎದ್ದು ಹೋಗಿ ಬೋರ್ಡಿನ ವಿಭಾಗದ ಬಾಗಿಲು ಬಡಿದು, ಅಲ್ಲಿದ್ದವನಿಗೆ ಉಳಿದರ್ಧ ಬೈಗುಳವನ್ನೂ ಕೊಟ್ಟು ಬಂದಳು. ಐದು ನಿಮಿಷದಲ್ಲಿ ಊರಿನ ಎಲ್ಲ ಬೋರ್ಡೂ ನಿಜ ಹೇಳತೊಡಗಿದವು.

ಹನ್ನೊಂದರ ಹೊತ್ತಿಗೆ ಗಾಳಿ ತಗ್ಗಿತು, ಹಿಮ ತಳ್ಳುವ ಯಂತ್ರಗಳು ದಾರಿ ಬಿಡಿಸಿದವು, ತಿರುವಿನ ಬಸ್ಸನ್ನು ಎಳೆದು ಬದಿಗೆ ಹಾಕಿದರು. ಹದಿನಾಲ್ಕನೇ ನಂಬರಿನ ಮೊದಲ ಬಸ್ಸು ಹೊರಟಿತು. ಸಿಗುರ್‌ನ ಪಾಳಿ ಮುಗಿದಿತ್ತು. ಅವಳ ಅಂಗಡಿಯವರು ಇವತ್ತು ಬಾಗಿಲೇ ತೆರೆಯುವುದಿಲ್ಲವೆಂದು ಮೆಸೇಜ್ ಕಳಿಸಿದ್ದರು, ಬೋರ್ಗಿಲ್‌ಳ ಸ್ಕೀ ವಾಪಸು ಕೊಡುವುದಿತ್ತು.

ಬಸ್ಸಿನಲ್ಲಿ ಡ್ರೈವರ್ ಬಿಟ್ಟು ಯಾರೂ ಇರಲಿಲ್ಲ. ನಲವತ್ತು ಸೀಟು ಖಾಲಿ. ಟೂರುನ್ ಸ್ಕೀಗಳನ್ನು ಕಂಬಕ್ಕೆ ಒರಗಿಸಿ ತನ್ನ ಸೀಟಿನಲ್ಲಿ ಕೂತಳು. ಎರಡು ವರ್ಷದ ಅಭ್ಯಾಸದಂತೆ ಕೈ ತಾನಾಗಿ ಹಳದಿ ಚೀಲವನ್ನು ಪಕ್ಕದಲ್ಲಿಟ್ಟಿತು.

ಸಿಗುರ್ ಹತ್ತಿದ. ಕನ್ನಡಕ ಮಂಜಾಯಿತು. ಒರೆಸಿಕೊಂಡು ಚೀಲ ನೋಡಿದ, ಹಿಂದಿನ ಬಾಗಿಲನ್ನು ನೋಡಿದ.

ಹೋದ ಅಂದರೆ ಕೊಂದೇ ಬಿಡುತ್ತೇನೆ ಎಂದುಕೊಂಡಳು ಅವಳು.

"ಭಾನುವಾರ ಹೋಗಲೇಬೇಕಾ?" ಎಂದ ಅವನು ನಿಂತಲ್ಲಿಂದಲೇ.

"ಹೋಗಲೇಬೇಕು. ಸಹಿ ಹಾಕಿದ್ದೀನಿ."

"ನನಗೆ ಹನ್ನೊಂದು ದಿನ ರಜೆ ಉಳಿದಿದೆ. ಬೂಡೊದಲ್ಲಿ ಬಸ್ ಹೇಗೆ ಓಡ್ತವೆ ಅಂತ ನೋಡ್ಬೇಕು."

"ನಿಲ್ಲಿಸೋಕಾ?"

"ಅಲ್ಲ, ಕೂತ್ಕೊಂಡು ನೋಡೋಕೆ." ಅವನು ಗಂಟಲು ಸರಿಮಾಡಿಕೊಂಡ. ಕಿವಿ ಕೆಂಪಾಗಿತ್ತು. ಆಮೇಲೆ ನಲವತ್ತು ಖಾಲಿ ಸೀಟುಗಳ ನಡುವೆ, ಡ್ರೈವರ್ ಕನ್ನಡಿಯಲ್ಲಿ ಬಾಯಿಬಿಟ್ಟು ನೋಡುತ್ತಿರುವಂತೆ, ಊರಿಗೇ ಕೇಳುವ ಹಾಗೆ ಕೇಳಿದ: "ಇದು ಖಾಲಿ ಇದೆಯಾ?"

"ಎರಡು ವರ್ಷದಿಂದ ಇದೆ ಕಣೋ," ಎಂದು ಟೂರುನ್ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.