ಹೊಸ್ತಿಲು ದಾಟದ ಹಾಲು

ಬೊಲೆರೋ ನನ್ನ ಬೈಕಿಗೆ ಎರಡನೇ ಸಲ ಗುದ್ದಿತು.

ನರಸೀಪುರದಿಂದ ನಂಜನಗೂಡಿಗೆ ಹೋಗುವ ರಸ್ತೆ. ಎಡಕ್ಕೆ ತುಂಬಿದ ನಾಲೆ. ನನ್ನ ಹಿಂದೆ ಹಗ್ಗ ಬಿಗಿದ ಐಸ್ ಬಾಕ್ಸ್. ಅದರೊಳಗೆ ಸಣ್ಣ ಬಾಟಲಿಯಲ್ಲಿ ಹಾಲು. ಅಷ್ಟಕ್ಕೇ ನನ್ನ ಜೀವ ತೆಗೆಯಲು ಹೊರಟಿದ್ದರು... ನಗಬೇಡಿ.

ನಾನು ಚಿಕ್ಕಸ್ವಾಮಿ. ಪೊಲೀಸ್ ಕೆಲಸ ಬಿಟ್ಟವನು. ಬೇರೆಯವರು ಮುಟ್ಟದ ಕೆಲಸಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಈ ಸಲ ಕರೆದವರು ನಂಜನಗೂಡಿನ ಡಾಕ್ಟರ್ ಹೇಮಲತಾ. ಬಾಣಂತಿಯರು ನುಂಗುವ ಹೊಸ ನೋವಿನ ಮಾತ್ರೆ ಎದೆಹಾಲಿಗೂ ಇಳಿಯುತ್ತದೆಯೇ ಎಂದು ಅವರು ಸಂಶೋಧನೆ ಮಾಡುತ್ತಿದ್ದರು. ಹಳ್ಳಿಗಳಿಂದ ಹಾಲು ತಂದುಕೊಡುತ್ತಿದ್ದವನು ಮಾತ್ರೆ ಕಂಪನಿಯ ನಟರಾಜ್. ಎಲ್ಲ ಬಾಟಲಿಯೂ ಕ್ಲೀನ್. ಒಂದರಲ್ಲೂ ಔಷಧಿಯ ಸುಳಿವಿಲ್ಲ.

"ಇಷ್ಟು ಕ್ಲೀನ್ ಇರೋಕೆ ಸಾಧ್ಯಾನೇ ಇಲ್ಲ ಕಣ್ರೀ," ಎಂದರು ಡಾಕ್ಟರ್. "ಹೋಗಿ ನೋಡ್ಕೊಂಡು ಬನ್ನಿ."

ಹೆಮ್ಮಿಗೆಗೆ ಹೋದೆ. ಮಾತ್ರೆ ನುಂಗುತ್ತಿದ್ದ ರಾಣಿಯ ಮಡಿಲಲ್ಲಿ ಹಸುಗೂಸು ಮಲಗಿತ್ತು. ಬೆಳಗಿನಿಂದ ಹಾಲಿಗೆ ಎದ್ದಿರಲಿಲ್ಲ. ಅಂಗಾಲು ತಟ್ಟಿದರೂ ಅಳಲಿಲ್ಲ.

"ಬಾಟ್ಲಿಗೆ ಹಾಲು ತುಂಬಿದ್ದು ಯಾರಮ್ಮ?"

ರಾಣಿ ಅತ್ತೆಯ ಮುಖ ನೋಡಿದಳು.

"ನಾನೇ ಕಣಪ್ಪ," ಎಂದಳು ಅತ್ತೆ ಕೆಂಪಾಜಮ್ಮ. "ಎದೆಆಲು ಒಸ್ಲು ದಾಟುದ್ರೆ ಬತ್ತೋಯ್ತದೆ. ಅದ್ಕೇ ಕೊಟ್ಗೆ ಅಸೀನ ಆಲು ಕರ್ದು ಕೊಟ್ಟೆ. ಎಲ್ಲಾರ್ ಮನೇಲೂ ಅಂಗೇ ಮಾಡವ್ರೆ."

"ನಟರಾಜ್‌ಗೆ ಗೊತ್ತಾ?"

"ಏಳ್ದೆ. ಬುಡಜ್ಜಿ, ಯಾವ್ ಆಲಾದ್ರೇನು ಅಂದ."

ನನ್ನ ರಕ್ತ ಕುದಿಯಿತು. ಮುದುಕಿಯ ಮೇಲಲ್ಲ. ಅವಳು ನಂಬಿದ್ದನ್ನು ಮಾಡಿದಳು. ಆ ಬದ್ಮಾಶ್ ಮಾತ್ರ ಎಲ್ಲ ತಿಳಿದೂ ಬಾಯಿ ಮುಚ್ಚಿಕೊಂಡಿದ್ದ. ಕೂಸುಗಳ ಉಸಿರು ಅಡವಿಟ್ಟು ಮಾತ್ರೆಗೆ ಸರ್ಟಿಫಿಕೇಟ್!

"ಅವ್ವಾ, ಹಾಲು ದಾಟೋದು ಬೇಡ. ತಾಯಿ ದಾಟಬಹುದಲ್ವಾ?"

ಕೆಂಪಾಜಮ್ಮ ಮಗುವನ್ನೇ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅಷ್ಟರಲ್ಲಿ ಯಾರೋ ನಟರಾಜ್‌ಗೆ ಸುದ್ದಿ ಮುಟ್ಟಿಸಿದ್ದರು. ಬೀದಿಯ ಕೊನೆಯಲ್ಲಿ ಬೊಲೆರೋ ಬಂದು ನಿಂತಿತು. ನಾನು ಬಾಕ್ಸನ್ನು ನಟರಾಜನಿಗೆ ಕಾಣುವಂತೆ ಬೈಕಿಗೆ ಕಟ್ಟಿದೆ. ಸೋಮನಾಥಪುರದ ತನಕ ಸುತ್ತಾಡಿಸಿದೆ. ಆಮೇಲೆ ಈ ರಸ್ತೆ...

ಮೂರನೇ ಗುದ್ದಿಗೆ ಬೈಕ್ ಉರುಳಿತು. ಮೊಣಕೈ ಸುಲಿಯಿತು. ನಟರಾಜ್ ರಾಡು ಹಿಡಿದು ಇಳಿದ.

"ಬಾಕ್ಸ್ ಕೊಡು."

"ಅಲ್ಲಿ ಮಗು ಸಾಯ್ತಾ ಇದೆ ಕಣ್ಲಾ."

"ಮಕ್ಳು ನಿದ್ದೆ ಮಾಡ್ತವೆ. ಅದ್ಕೂ ಕೇಸಾ?"

ಅವನ ಮೂಗಿಗೆ ಗುದ್ದಿದೆ. ಅದು ಪ್ಲಾನಿನಲ್ಲಿ ಇರಲಿಲ್ಲ. ತಡೆಯಲಾಗಲಿಲ್ಲ. ರಾಡು ನನ್ನ ಪಕ್ಕೆಗೆ ಬಿತ್ತು. ಅವನು ಬಾಟಲಿಯ ಮುಚ್ಚಳ ತೆಗೆದು ಹಾಲನ್ನು ನಾಲೆಗೆ ಸುರಿದ.

"ಎಲ್ಲೋ ನಿನ್ ಸಾಕ್ಷಿ?"

ಫೋನ್ ಬಡಿದುಕೊಂಡಿತು. ಡಾಕ್ಟರ್. ಬಿದ್ದಲ್ಲಿಂದಲೇ ಸ್ಪೀಕರ್ ಹಾಕಿದೆ.

"ರಾಣಿ ಬಂದು ತಲುಪಿದಾಳೆ ಚಿಕ್ಕಸ್ವಾಮಿ. ಅತ್ತೇನೇ ಆಟೋ ಹತ್ತಿಸ್ಕೊಂಡು ತಗಡೂರು ಕಡೆ ದಾರೀಲಿ ಕರ್ಕೊಂಡು ಬಂದಿದಾರೆ. ಹಾಲನ್ನ ನನ್ನ ಕಣ್ಣೆದುರೇ ತೆಗೆಸಿದೀನಿ. ಮಗೂನ ಅಡ್ಮಿಟ್ ಮಾಡ್ಕೊಂಡ್ವಿ. ಈಗ ಅತ್ತಿತು ಕಣ್ರೀ..."

ಪಕ್ಕೆ ಹಿಡಿದುಕೊಂಡು ಎದ್ದು ಕೂತೆ.

ನಟರಾಜ್ ಖಾಲಿ ಬಾಟಲಿ ನೋಡಿದ. ಮೂಗಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಹಂಗಾದ್ರೆ ಇದ್ಯಾರ್ದು?"

"ಕೆಂಪಾಜಮ್ಮನ ಹಸೂದು. ನಿನ್ನ ಟೆಸ್ಟಲ್ಲಿ ಪಾಸಾದ ಬಾಣಂತಿ ಅದೇ ಅಲ್ವೇನ್ಲಾ?"