ಮಗ್ಗದ ಕುಣಿಯಲ್ಲಿ ನಾಲ್ಕು ಗಂಟೆ

ಅಮೀನಬಿಯ ಬಲಗಾಲು ನನ್ನ ಹೆಗಲ ಮೇಲಿತ್ತು. ಎಡಗಾಲು... ಬಿಡಿ, ಅದನ್ನು ಹೇಳೋದು ಬೇಡ. ಮಿಸುಕಿದರೆ ಸತ್ತೆ.

ಇಳಕಲ್ಲಿನ ಕುಣಿಮಗ್ಗ ನೋಡಿದ್ದೀರಲ್ಲ? ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ. ಎರಡು ಕಾಲಿಗೆಂದು ತೋಡಿದ್ದು. ಅದರೊಳಗೆ ಮುದುಡಿಕೊಂಡ ನಾನು, ಮತ್ತು ಎಗರಿಸಿ ತಂದ ಒಂದು ವಾಚು.

ಮೇಲೆ ಮಗ್ಗ ಖಟ್... ಖಟ್... ಹೊರಗೆ ಬೈಕುಗಳು ನಿಂತವು.

ಗ್ರಾನೈಟ್ ಸಾಹುಕಾರ ನಾಗಲಿಂಗನ ಆಳುಗಳು. ಹುನಗುಂದ ರೋಡಿನಲ್ಲಿ, ಊರು ದಾಟುವ ಮೊದಲೇ ನನ್ನ ಕಾರಿಗೆ ಜೀಪು ಗುದ್ದಿಸಿದ್ದರು. "ನಮ್ಮವ್ವನ ಮನಿಗೆ ಓಡ್ರಿ" ಅಂದಿದ್ದ ಡ್ರೈವರ್ ಆಸಿಫ. ಓಡಿದ್ದೆ. ಆಸಿಫನ ಅವ್ವ ಅಮೀನಬಿ ತನ್ನ ಮಗ್ಗದ ಕುಣಿ ತೋರಿಸಿದ್ದಳು.

ನಾನು ಕಳ್ಳನಲ್ಲ. ಹೋದದ್ದನ್ನು ವಾಪಸ್ ತಂದುಕೊಡುವುದು ಬಾಗಲಕೋಟೆಯಲ್ಲಿ ನನ್ನ ದಂಧೆ. ನವನಗರದ ಮೃಣಾಲಿನಿ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದರು.

"ಕೇಳ್ರಿ ಕಾಶಪ್ಪನವರ, ತೀರಿಕೊಂಡ ನಮ್ಮನಿಯವರ ಸ್ವಿಸ್ ವಾಚು. ನೋಡಿ ಕೊಡ್ತೇನಿ ಅಂತ ಒಯ್ದು ನಾಗಲಿಂಗ ತನ್ನ ಕಲೆಕ್ಷನ್‌ನಾಗ ಇಟ್ಕೊಂಡಾನ. ಕಾಲು ತಾಸಿಗೊಮ್ಮೆ ತಾನ ಗಂಟಿ ಬಾರಸ್ತದ ಅದು."

ಸಾಹುಕಾರನ ಗಾಜಿನ ಕಪಾಟಿನಲ್ಲಿ ವಾಚುಗಳು ಸಾಲಾಗಿ ಮಖಮಲ್ಲಿನ ಮೇಲೆ ಮಲಗಿದ್ದವು. ಇದೊಂದು ಮಾತ್ರ ಮೂಲೆಯ ಡಬ್ಬಿಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಬಂದು ಇನ್ನೂ ಕಾಲು ತಾಸೂ ಆಗಿರಲಿಲ್ಲ.

ತಾನೇ ಗಂಟೆ ಬಾರಿಸುವ ವಾಚು... ಚಿಕ್ಕ ಮುಳ್ಳು ನಾಲ್ಕರ ಹತ್ತಿರ. ಸುಮ್ಮನಿರಿಸುವ ಗುಂಡಿ ಯಾವುದೋ ಗೊತ್ತಿಲ್ಲ. ಆ ಪುಟ್ಟ ಗಾಜಿನೊಳಗೆ ವಾರ, ತಾರೀಖು, ಚಂದ್ರ ಎಲ್ಲ ಇತ್ತು. ನನ್ನ ತಿಥಿಯೊಂದನ್ನು ಬಿಟ್ಟು.

"ಅಮ್ಮಾ, ಒಳಗ ಯಾರರೆ ಬಂದ್ರೇನು?" ಆಳುಗಳ ಮುಖಂಡ ಸಂಗಮೇಶನ ದನಿ.

"ಯಾರೂ ಇಲ್ಲಪಾ." ಖಟ್... ಖಟ್...

"ಮಗ್ಗ ನಿಂದರಸು. ಏನೂ ಕೇಳವಲ್ದು."

"ಸೀರಿಗೆ ಸೆರಗು ಜೋಡಸಾಕತ್ತೇನಿ. ಈಗ ನಿಂತ್ರ ಎಳಿ ಹರೀತಾವು."

"ನಿಂದರಸು ಅಂದ್ನಿ."

ಖಟ್... ನಿಂತಿತು.

ಅಮೀನಬಿಯ ಕಾಲು ನನ್ನ ಹೆಗಲನ್ನು ಒತ್ತಿ ಹಿಡಿಯಿತು. ನನ್ನಿಂದ ಆ ಮುದುಕಿಗೂ ಗಂಡಾಂತರ. ನಿಜ ಹೇಳ್ತೀನಿ, ಹೆದರಿದೆ. ವಾಚನ್ನು ಮುಷ್ಟಿಯಲ್ಲಿ ಅದುಮಿ ಬೆರಳ ಸಂದಿಯಿಂದ ನೋಡಿದೆ. ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಿತು. ಕಣ್ಣು ಮುಚ್ಚಿದೆ.

ಏನೂ ಇಲ್ಲ.

ಕಣ್ಣು ಬಿಟ್ಟೆ. ಮುಳ್ಳು ದಾಟಿಹೋಗಿತ್ತು. ವಾಚು ಆರಾಮಾಗಿ ಓಡುತ್ತಿತ್ತು. ಗಂಟೆ ಮಾತ್ರ ಇಲ್ಲ.

ಮೇಲೆ ಸಂಗಮೇಶ ಫೋನಿನಲ್ಲಿದ್ದ. "ಸಾಹುಕಾರ್ರ, ಸಿಗವಲ್ನರಿ... ಗೊತ್ತೈತ್ರಿ, ಆ ಮೃಣಾಲಿನಿಬಾಯಿ ನಿಮಗ ನಕಲಿ ವಾಚು ಮಾರಿದ್ದಕ್ಕ ಅದೊಂದ ಸಾಕ್ಷಿ... ಬಾಗಲಾಗ ಒಬ್ಬನ್ನ ಕುಂದರಸ್ತೇನ್ರಿ."

 ನಾನು ಎಗರಿಸಿದ್ದು ಗಂಡನ ನೆನಪಲ್ಲ. ಹೆಂಡತಿಯ ಮೋಸದ ಪುರಾವೆ!

ಮಗ್ಗ ಮತ್ತೆ ಶುರುವಾಯಿತು. ಆ ಸದ್ದಿನ ಮರೆಯಲ್ಲಿ ಮೃಣಾಲಿನಿಗೆ ಫೋನ್ ಹಚ್ಚಿ ಪಿಸುಗುಟ್ಟಿದೆ.

"ಬಾಯಾರ, ನಾಲ್ಕು ಹೊಡದು ಹೋತು. ನಿಮ್ಮ ವಾಚು ಗಂಟಿ ಬಾರಸಲಿಲ್ಲ."

ಬಾಯಾರು ದನಿ ಇಳಿಸಿದರು.

"ಎಲ್ಲಿದ್ದೀರಿ?"

"ಮಗ್ಗದ ಕುಣ್ಯಾಗ. ಬಾಗಲಾಗ ಅವರ ಮನಷ್ಯಾ."

"ಹಂಗಾದ್ರ ಖರೇ ವಾಚು ಇದ್ದಿದ್ರ ಇಷ್ಟೊತ್ತಿಗೆ ನಿಮ್ಮ ಹೆಣ ಬೀಳ್ತಿತ್ತು, ಕಾಶಪ್ಪನವರ. ಕೂತು ನನ್ನ ಉಪಕಾರ ನೆನಸ್ರಿ."

ಫೋನ್ ಇಟ್ಟರು.

ನೆನೆಯೋದಕ್ಕೆ ಪುರುಸೊತ್ತು ಬೇಕಾದಷ್ಟಿತ್ತು. ಬಾಗಿಲಲ್ಲಿ ಕೂತವನು ಚಪ್ಪಲಿ ಕಳಚಿಟ್ಟು ಚಹಾ ತರಿಸಿಕೊಂಡಿದ್ದ.